ಪಡೆದವರ ಸಹಿ

ನಮ್ಮ ಕೆಲಸದಲ್ಲಿ ಎಡವಟ್ಟಾಗದ ದಿನವೆಂದರೆ ಭಾನುವಾರ ಒಂದೇ. ಅದೂ ಕಚೇರಿಗೆ ರಜೆ ಇರುವುದರಿಂದ.

ನಾನು ಉಡುಪಿಯ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ಸಂಯೋಜಕಿ. ಸಂಯೋಜಕಿ ಎಂದರೆ ಎಂತ ಕೆಲಸ ಎಂದು ನನ್ನ ಗಂಡ ಮದುವೆಯಾದಂದಿನಿಂದ ಕೇಳುತ್ತಿದ್ದಾರೆ. ಸುಲಭವಾಗಿ ಹೇಳುವುದಾದರೆ, ಒಂದು ಕಡೆ ಸಮಾಜಕ್ಕೆ ಏನಾದರೂ ಕೊಟ್ಟೇ ತೀರುತ್ತೇವೆ ಎಂದು ಹಟ ಹಿಡಿದ ಕಂಪೆನಿಗಳಿವೆ. ಇನ್ನೊಂದು ಕಡೆ, ಕೊಡುವುದಾದರೆ ಬೇಕಾದ್ದನ್ನು ಕೊಡಿ ಎನ್ನುವ ಬಡವರಿದ್ದಾರೆ. ಇವರಿಬ್ಬರನ್ನೂ ತಂದು ಒಂದೇ ಫೋಟೋದಲ್ಲಿ ನಿಲ್ಲಿಸುವುದು ನನ್ನ ಕೆಲಸ. ಮದುವೆ ದಲ್ಲಾಳಿಯ ಉದ್ಯೋಗವೇ, ಆದರೆ ಇಲ್ಲಿ ಊಟ ಸಿಗುವುದಿಲ್ಲ.

ಈಗ ಹೇಳುವುದೆಲ್ಲ ಒಂದೇ ಕಂಪೆನಿಯ ಜೊತೆ ಎರಡು ವರ್ಷದಲ್ಲಿ ನಡೆದ ಸಂಗತಿಗಳು. ಅವುಗಳ ಹಿಂದೆ ಒಂದು ಕೋಣೆಯ ಕಥೆಯಿದೆ. ಮಣಿಪಾಲದ ಹಿಂಬದಿಯಲ್ಲಿ, ಉತ್ತರ ಕರ್ನಾಟಕದಿಂದ ಬಂದ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಪಕ್ಕದಲ್ಲಿ ಆ ಕೋಣೆ. ಅಲ್ಲಿ ಆರು ಮಂದಿ ಹೆಂಗಸರು ಜೋಳದ ರೊಟ್ಟಿ ಬಡಿದು ಹಾಸ್ಟೆಲುಗಳ ಮೆಸ್ಸಿಗೆ ಕೊಡುತ್ತಾರೆ. ಕೋಣೆ ಹಿಡಿದುಕೊಟ್ಟದ್ದು ಕಂಪೆನಿ, ಮೆಸ್ಸಿನವರನ್ನು ಒಪ್ಪಿಸಿದ್ದು ನಮ್ಮ ಸಂಸ್ಥೆ, ಬೆವರು ಮಾತ್ರ ಆ ಆರು ಮಂದಿಯದು. ಅವರ ಮುಖ್ಯಸ್ಥೆ ಬಾಗಲಕೋಟೆ ಕಡೆಯವಳು. ಎಲ್ಲರೂ ಅವಳನ್ನು ರೊಟ್ಟಿ ಅಕ್ಕ ಎಂದೇ ಕರೆಯುವುದು. ಹತ್ತು ವರ್ಷ ಮಹಡಿಯಿಂದ ಮಹಡಿಗೆ ಕಾಂಕ್ರೀಟಿನ ಬಾಂಡಲಿ ಹೊತ್ತು ಅವಳ ಸೊಂಟ ಕುಸಿದಿದೆ. ಇನ್ನು ಭಾರ ಎತ್ತಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದಾರೆ. ಕಂಪೆನಿಯ ಒಪ್ಪಂದ ಇದ್ದದ್ದು ಎರಡೇ ವರ್ಷಕ್ಕೆ. ಅದು ಮುಂದುವರಿಯದಿದ್ದರೆ ಕೋಣೆಗೆ ಮೊಮೊ ಅಂಗಡಿ ಬರುವುದೆಂದು ಮಾಲೀಕರು ಆಗಲೇ ತೀರ್ಮಾನಿಸಿದ್ದರು. ಕೋಣೆಗೆ ಮೊಮೊ ಬಂದರೆ ರೊಟ್ಟಿ ಅಕ್ಕನ ತಲೆಗೆ ಮತ್ತೆ ಬಾಂಡಲಿ ಬರುತ್ತದೆ. ಆದ್ದರಿಂದ ನೀವು ನಗುವಾಗ ಆ ಸೊಂಟದ ನೆನಪು ಸ್ವಲ್ಪ ಇರಲಿ.

೧. ಫೋಟೋದ ಸೀರೆ

ಕಂಪೆನಿಯ ಪರವಾಗಿ ನಮ್ಮ ಜೊತೆ ಓಡಾಡಲು ಒಬ್ಬ ಅಧಿಕಾರಿ ಬಂದರು. ನಮಗೆಲ್ಲ ಅವರು ಸಾರ್. ಮೈಸೂರು ಕಡೆಯವರು, ಅಪ್ಪಟ ಸಸ್ಯಾಹಾರಿ, ಬಿರುಬಿಸಿಲಿನಲ್ಲೂ ಇಸ್ತ್ರಿ ಕೆಡದ ಅಂಗಿ. ಮನುಷ್ಯ ಒಳ್ಳೆಯವರೇ. ಇರುವ ಒಂದು ದೋಷವೆಂದರೆ, ಫಾರಮ್ಮಿನ ಚೌಕದೊಳಗೆ ಹಿಡಿಸುವುದು ಮಾತ್ರ ನಿಜ ಎಂದು ನಂಬಿದ್ದರು. ಮೊದಲ ದಿನವೇ ನನಗೆ ಪಾಠ ಹೇಳಿದರು. “ನೋಡಿ ಮೇಡಂ, ಯಾರಿಗೆ ಏನು ಕೊಟ್ಟರೂ ರಿಜಿಸ್ಟರಿನಲ್ಲಿ ಪಡೆದವರ ಸಹಿ ಬೇಕು, ಒಂದು ಫೋಟೋ ಬೇಕು. ಕೊಡುವವರು ಬಲಗಡೆ, ಪಡೆಯುವವರು ಎಡಗಡೆ. ಸಹಿ, ಫೋಟೋ ಎರಡೂ ಇಲ್ಲ ಅಂದ್ರೆ ಕೊಟ್ಟ ಹಾಗಲ್ಲ.”

ಸಹಿಗೆ ಮೊದಲು ರಿಜಿಸ್ಟರಿನಲ್ಲಿ ಒಂದಷ್ಟು ಪ್ರಶ್ನೆಗಳೂ ಇದ್ದವು. ಸ್ವಂತ ಮನೆ ಇದೆಯೇ, ಶೌಚಾಲಯ ಇದೆಯೇ, ಮನೆಯಲ್ಲಿ ಎಷ್ಟು ಜನ, ಗಂಡ ಕುಡಿಯುತ್ತಾನೆಯೇ. ರೊಟ್ಟಿ ಅಕ್ಕನಿಗೆ ಮೊದಲ ಜೋಳದ ಹಿಟ್ಟಿನ ಮೂಟೆ ಕೊಟ್ಟ ದಿನ ಇವನ್ನೆಲ್ಲ ನಾನೇ ಕೇಳಿ ಬರೆದುಕೊಂಡೆ. ಅವಳು ಎಲ್ಲದಕ್ಕೂ ಉತ್ತರ ಕೊಟ್ಟು, ಸಹಿ ಹಾಕಿ, ಎಡಗಡೆ ನಿಂತು ಫೋಟೋ ತೆಗೆಸಿಕೊಂಡು, ಆಮೇಲೆ ಕೇಳಿದಳು.

“ಊಟಕ್ಕ ಕರದು, ಎಲಿ ಮುಂದ ಕುಂದರಿಸಿ, ನಿನ್ನ ಗಂಡ ಕುಡೀತಾನೇನು ಅಂತ ಯಾರರ ಕೇಳ್ತಾರೇನ್ರಿ ಅಕ್ಕಾರ?”

“ಎಂತ ಮಾಡುವುದು ಮಾರಾಯ್ತಿ, ಕಾನೂನು ಹಾಗೆ ಉಂಟು. ಸಹಿ, ಫೋಟೋ ಇಲ್ಲದಿದ್ದರೆ ಕೊಟ್ಟ ಹಾಗಲ್ಲವಂತೆ” ಎಂದೆ.

“ಹಂಗೇನ್ರಿ” ಎಂದು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಅದಾಗಿ ವಾರಕ್ಕೆ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಹೊಗೆಯಿಲ್ಲದ ಒಲೆ ಕೊಡುವ ಕಾರ್ಯಕ್ರಮ. ಸಾಲಾಗಿ ನಾಲ್ಕು ಮನೆ. ಮೊದಲ ಮನೆಯ ಅಜ್ಜಿ ಯಾರದೋ ಮದುವೆಗೆ ಹೊರಟವರ ಹಾಗೆ ಅಂಚಿನ ಸೀರೆಯುಟ್ಟು, ತಲೆಗೆ ಅಬ್ಬಲಿಗೆ ಮುಡಿದು ಬಂದರು. ಮನೆಗೆ ನೆಂಟರು ಬರುವಾಗ ಯಾರಾದರೂ ಹಾಗೆಯೇ ಅಲ್ಲವೇ? ಆದರೆ ನಮ್ಮ ಸಾರ್ ನನ್ನ ಕಿವಿಯ ಹತ್ತಿರ ಬಂದು, “ಮೇಡಂ, ಇವರು ಬಡವರ ಥರ ಕಾಣ್ತಾನೇ ಇಲ್ವಲ್ಲ” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿಗೆ ವಿಷಯ ಅರ್ಥವಾಯಿತು. “ಓ, ಫೋಟೋ ಉಂಟಾ? ಮೊದಲೇ ಹೇಳಬಾರದಾ ಮಗಾ” ಎಂದು ಒಳಗೆ ಹೋದವರು ಬರುವಾಗ ಹೆಗಲ ಮೇಲೆ ತೇಪೆ ಹಾಕಿದ, ಸೆರಗು ಹರಿದ ನೀಲಿ ಸೀರೆಯಲ್ಲಿದ್ದರು. ಹೂವೂ ಇರಲಿಲ್ಲ. ಒಲೆಯ ಪಕ್ಕ ತಾವಾಗಿಯೇ ನಿಂತು, “ನಾನು ಎಡಗಡೆ ಅಲ್ವಾ? ಕೊಡುವವರು ಬಲಗಡೆ” ಎಂದರು. ನಮಗಿಂತ ಮೊದಲು ಬೇರೆಯವರೂ ಬಂದು ಹೋಗಿದ್ದಾರೆ ಎಂದು ನನಗೆ ಗೊತ್ತಾಯಿತು.

ಎರಡನೇ ಮನೆಯಾಕೆ ಹೊರಗೆ ಬಂದದ್ದೂ ನೀಲಿ ಸೀರೆಯಲ್ಲಿ, ಹೆಗಲ ಮೇಲೆ ತೇಪೆ. ಮೂರನೇ ಮನೆಯಲ್ಲಿ ನಾವು ಹತ್ತು ನಿಮಿಷ ಕಾಯಬೇಕಾಯಿತು. ಕಾಯುವಾಗ ಕಂಪೌಂಡಿನ ಮೇಲಿನಿಂದ ಮಡಚಿದ ನೀಲಿ ಬಟ್ಟೆಯೊಂದು ಆಚೆಯಿಂದ ಈಚೆಗೆ ಹೋದದ್ದನ್ನು ನಾನೂ ನೋಡಿದೆ, ಸಾರೂ ನೋಡಿದರು.

“ಅಜ್ಜಿ, ಅದೇ ಸೀರೆ ಅಲ್ವಾ?” ಎಂದು ಅವರು ಮೊದಲ ಮನೆಗೆ ವಾಪಸು ಬಂದು ಕೇಳಿಯೇಬಿಟ್ಟರು.

“ಹೌದು ಮಗಾ. ನಾಲ್ಕು ಮನೆಗೆ ಇರುವುದು ಅದೊಂದೇ” ಎಂದರು ಅಜ್ಜಿ. “ಇನ್ನೂ ಹರಿಯದ ಹಾಗೆ ನೋಡಿಕೊಳ್ಳುವುದೇ ಕಷ್ಟ.”

೨. ಕೈಗುಣ

ಕಾಪುವಿನಲ್ಲಿ ರಸ್ತೆ ಬದಿ ಕೂತು ಮೀನು ಮಾರುವ ಹನ್ನೆರಡು ಹೆಂಗಸರಿಗೆ ಅದೇ ಕಂಪೆನಿ ಐಸ್ ಪೆಟ್ಟಿಗೆ ಕೊಟ್ಟಿತ್ತು. ಆರು ತಿಂಗಳಾದ ಮೇಲೆ ಅದರಿಂದ ವ್ಯಾಪಾರ ಸುಧಾರಿಸಿತೇ ಎಂದು ಕೇಳಿ ಬರಲು ಸಾರ್ ನಲವತ್ತು ಪ್ರಶ್ನೆಗಳ ಫಾರಂ ಹಿಡಿದು ಹೊರಟರು. ಮಧ್ಯಾಹ್ನ ಹೋಗಿ ಎಂದೆ. ಕೇಳಲಿಲ್ಲ. ಬೆಳಗ್ಗೆ ಜನ ಕಡಿಮೆ, ನಿಧಾನವಾಗಿ ಮಾತಾಡಬಹುದು ಎಂದರು.

ಬೆಳಗ್ಗೆ ಬುಟ್ಟಿಯ ಎದುರು ಮೊದಲು ಬಂದು ನಿಂತವರು ಬರಿಗೈಯಲ್ಲಿ ಹೋಗಬಾರದು. ಹೋದರೆ ಆ ದಿನದ ವ್ಯಾಪಾರ ನೆಗೆದುಬಿತ್ತು. ಇದು ಆ ಹೆಂಗಸರಿಗೆ ಗೊತ್ತು, ಬೀದಿಯ ಬೆಕ್ಕಿಗೂ ಗೊತ್ತು. ಸಾರಿಗೆ ಗೊತ್ತಿರಲಿಲ್ಲ.

“ಅಮ್ಮ, ಒಂದಷ್ಟು ಪ್ರಶ್ನೆ ಕೇಳ್ಬೇಕಿತ್ತು.”

“ಮಾತು ಆಮೇಲೆ. ಮೊದಲು ಬೋಣಿ ಮಾಡಿ ತಮ್ಮಾ.”

“ನಾನು ಮೀನು ತಿನ್ನಲ್ಲಮ್ಮ.”

“ತಿನ್ನಿ ಅಂತ ಯಾರು ಹೇಳಿದ್ದು? ತೆಗೆದುಕೊಳ್ಳಿ.”

ನಲವತ್ತು ಪ್ರಶ್ನೆ ಆಗುವುದರೊಳಗೆ ಗಿರಾಕಿಗಳು ಮುತ್ತಿಕೊಳ್ಳುತ್ತಿದ್ದರಿಂದ ದಿನಕ್ಕೆ ಒಬ್ಬರಂತೆ ಮಾತ್ರ ಮುಗಿಸಲು ಆಗುತ್ತಿತ್ತು. ಹನ್ನೆರಡು ಹೆಂಗಸರು, ಹನ್ನೆರಡು ದಿನ, ಹನ್ನೆರಡು ಚೀಲ ಮೀನು. ಸಾರಿನ ಬಿಡಾರದ ಮಾಲೀಕರು ಈರುಳ್ಳಿಯ ವಾಸನೆಗೇ ಕಿಟಕಿ ಹಾಕುವವರು. ಹಾಗಾಗಿ ಸಾರ್ ದಿನಾ ಕಾಪುವಿನಿಂದ ನೇರ ನಮ್ಮ ಕಚೇರಿಗೆ ಬಂದು, ಎರಡು ಬೆರಳಲ್ಲಿ ಹಿಡಿದ ಚೀಲವನ್ನು ನನ್ನ ಮೇಜಿನ ಕೆಳಗೆ ಇಟ್ಟು, ಮುಖ ಬೇರೆ ಕಡೆ ತಿರುಗಿಸಿ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ದಿನ ಬಂಗುಡೆ, ಒಂದು ದಿನ ಬೂತಾಯಿ, ಒಂದು ದಿನ ಕಾಣೆ. ನನ್ನ ಗಂಡ ಮೊದಲ ಸಲ ಬಾಯಿ ಬಿಟ್ಟು ಹೇಳಿದರು. “ನಿನ್ನದು ಒಳ್ಳೆ ಕೆಲಸ ಮಾರಾಯ್ತಿ.”

ಹದಿಮೂರನೇ ದಿನ ಸಾರ್ ಹೋಗಲಿಲ್ಲ. ಎಂಟು ಗಂಟೆಗೇ ಕಾಪುವಿನಿಂದ ನನಗೆ ಫೋನು. “ಅಕ್ಕಾ, ನಿಮ್ಮ ಸಾರ್ ಎಲ್ಲಿ? ಅವರ ಕೈಗುಣ ಭಾರಿ ಒಳ್ಳೆದುಂಟು. ಅವರು ಬೋಣಿ ಮಾಡಿದವಳ ಬುಟ್ಟಿ ಹತ್ತು ಗಂಟೆಗೆ ಖಾಲಿ. ಇಲ್ಲಿ ಎಲ್ಲರೂ ಕಾಯುತ್ತಾ ಇದ್ದಾರೆ.”

ಅಷ್ಟರಲ್ಲಿ ಫಾರಮ್ಮಿನ ಹಿಂಬದಿಯ ಒಂದು ಪ್ರಶ್ನೆ ಕೇಳುವುದು ಬಿಟ್ಟುಹೋಗಿದೆ ಎಂದು ಸಾರಿಗೂ ಗೊತ್ತಾಗಿ, ಮತ್ತೊಮ್ಮೆ ಹೋದರು. ಪ್ರಶ್ನೆ ಇಷ್ಟೇ. ನಿಮ್ಮ ವ್ಯಾಪಾರ ಸುಧಾರಿಸಲು ಕಾರಣವೇನು? ಐಸ್ ಪೆಟ್ಟಿಗೆ, ತರಬೇತಿ, ಇತರೆ. ಹನ್ನೆರಡು ಮಂದಿಯೂ ಹೇಳಿದ್ದು ಇತರೆ. ವಿವರ ಬರೆಯುವ ಜಾಗದಲ್ಲಿ ಹನ್ನೆರಡು ಸಲವೂ ‘ಸಾರಿನ ಕೈಗುಣ’.

“ಮೇಡಂ, ಇದನ್ನ ಇಂಗ್ಲಿಷಿನಲ್ಲಿ ಹೇಗೆ ಬರೀಲಿ?” ಎಂದು ಅವರು ಬೆವರೊರೆಸಿಕೊಂಡು ಕೇಳಿದರು.

“ಬರೆಯಬೇಡಿ ಸಾರ್” ಎಂದೆ. “ಕಾರವಾರದವರೆಗಿನ ಎಲ್ಲ ಮೀನು ಮಾರ್ಕೆಟಿಗೂ ನಿಮ್ಮನ್ನೇ ಕಳಿಸಿಯಾರು.”

೩. ಮೆಷಿನ್ನಿಗೆ ಕುಂಕುಮ

ಕೈಯಲ್ಲಿ ರೊಟ್ಟಿ ಬಡಿಯುವ ಹೆಂಗಸರ ಕಷ್ಟ ನೋಡಿ ಕಂಪೆನಿಯವರಿಗೆ ಕರುಳು ಚುರುಕ್ಕೆಂದಿತು. ಒಂದು ರೊಟ್ಟಿ ಮೆಷಿನ್ ಕಳಿಸಿಕೊಟ್ಟರು. ಅದು ಕೋಣೆಯ ಅರ್ಧ ಜಾಗ ಹಿಡಿಯಿತು. ರೊಟ್ಟಿ ಅಕ್ಕ ಅದಕ್ಕೆ ಅರಿಶಿಣ, ಕುಂಕುಮ ಹಚ್ಚಿ, ಮಾಲೆ ಹಾಕಿ, ಕೆಳಗೆ ನಿಂಬೆಹಣ್ಣು ಇಟ್ಟು ಗುಂಡಿ ಒತ್ತಿದಳು. ಅಳತೆ ಹಿಡಿದ ಹಾಗೆ ಒಂದೇ ಗಾತ್ರದ ರೊಟ್ಟಿಗಳು ಹೊರಗೆ ಬಂದವು. ಸಾರ್ ಚಪ್ಪಾಳೆ ತಟ್ಟಿದರು.

ಮರುದಿನವೇ ಮೆಸ್ಸಿನಿಂದ ರೊಟ್ಟಿ ವಾಪಸು ಬಂತು. ವಿಜಯಪುರ ಕಡೆಯ ವಿದ್ಯಾರ್ಥಿಗಳು, ಇದು ಪ್ಯಾಕೆಟ್ಟಿನದು, ನಮಗೆ ಅಕ್ಕನ ರೊಟ್ಟಿಯೇ ಬೇಕು ಎಂದು ಗಲಾಟೆ ಮಾಡಿದರಂತೆ. ರೊಟ್ಟಿ ಅಕ್ಕ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. “ನುಣ್ಣಗೇನೋ ಐತ್ರಿ. ಆದ್ರ ಯಾರೂ ಕೈಯಾಡಿಸಿಲ್ಲ ಇದರ ಮ್ಯಾಲ. ತಾಯಿ ಇಲ್ಲದ ಕೂಸಿನಂಗ ಐತಿ, ಪಾಪ.”

ಮತ್ತೆ ಕೈರೊಟ್ಟಿಯೇ ಶುರುವಾಯಿತು. ಮೆಷಿನ್ ಏನು ಮಾಡುವುದು? ವಾಪಸು ಕೊಡುವ ಹಾಗಿಲ್ಲ, ಕಂಪೆನಿಯ ಹೆಸರು ಕೆತ್ತಿದ ಫಲಕ ಅದರ ಹೊಟ್ಟೆಯ ಮೇಲಿತ್ತು. ನಿಧಾನಕ್ಕೆ ಅದರ ನೆತ್ತಿಯ ಮೇಲೆ ಎಲ್ಲಮ್ಮನ ಪಟ ಬಂತು. ರೊಟ್ಟಿ ಹೊರಬರುವ ತಟ್ಟೆಯಲ್ಲಿ ಗರಿಗರಿಯಾಗಿ ಒಣಗಿಸಿಡುವ ಕಟಕ್ ರೊಟ್ಟಿ ಆರತೊಡಗಿತು. ಅದಕ್ಕೆಂದು ಹಾಕಿಸಿದ ಪ್ಲಗ್ಗಿನಲ್ಲಿ ಶೆಡ್ಡಿನವರ ಫೋನುಗಳು ಚಾರ್ಜಿಗೆ ಬಿದ್ದವು.

ಸಾರ್ ತಿಂಗಳಿಗೊಮ್ಮೆ ಫೋನಿನಲ್ಲಿ ಕೇಳುತ್ತಿದ್ದರು. “ಮೆಷಿನ್ ಬಳಕೆಯಲ್ಲಿದೆಯಾ ಮೇಡಂ?” ನಾನು ಸುಳ್ಳು ಹೇಳುವವಳಲ್ಲ. “ಒಂದು ನಿಮಿಷ ಖಾಲಿ ಬಿಡುವುದಿಲ್ಲ ಸಾರ್” ಎನ್ನುತ್ತಿದ್ದೆ.

ಒಂದು ದಿನ ಹೇಳದೆ ಕೇಳದೆ ಬಂದುಬಿಟ್ಟರು. ಪಟ ನೋಡಿದರು, ಫೋನುಗಳನ್ನು ನೋಡಿದರು, ಆರುತ್ತಿದ್ದ ರೊಟ್ಟಿ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ರೊಟ್ಟಿ ಅಕ್ಕ ಅವರ ಕೈಗೊಂದು ತಟ್ಟೆ ಕೊಟ್ಟು, ಹಂಚಿನಿಂದ ಇಳಿದ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಒಂದು ತಿಂದರು. ಇನ್ನೊಂದು ಎಂದರು. ಮೂರನೆಯದು ಕೇಳದೆಯೇ ಬಂತು. ಕೈ ತೊಳೆದು, ಪೆನ್ನು ತೆಗೆದು, ವರದಿಯಲ್ಲಿ ‘ಯಂತ್ರವನ್ನು ಹಲವು ಉದ್ದೇಶಗಳಿಗೆ ಬಳಸಲಾಗುತ್ತಿದೆ’ ಎಂದು ಬರೆದರು. ಈ ಮನುಷ್ಯ ಸುಧಾರಿಸುತ್ತಿದ್ದಾರೆ ಎಂದು ನನಗೆ ಅನಿಸಿದ್ದು ಅವತ್ತೇ.

೪. ಗಿರಾಕಿಯೇ ದೇವರು

ಇದು ಚಿಕ್ಕದು. ರೊಟ್ಟಿ ಹೆಂಗಸರಿಗೆ ವ್ಯಾಪಾರ ಕಲಿಸಲು ಕಂಪೆನಿ ಹೊರಗಿನಿಂದ ಒಬ್ಬ ತರಬೇತುದಾರರನ್ನು ಕಳಿಸಿತು. ಟೈ ಕಟ್ಟಿಕೊಂಡು ಬಂದಿದ್ದರು. ಮಣಿಪಾಲದ ಏಪ್ರಿಲ್ ತಿಂಗಳಲ್ಲಿ ಒಲೆಯ ಪಕ್ಕ ಟೈ ಕಟ್ಟುವವರ ಬುದ್ಧಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಗೋಡೆಗೆ ಕಾಗದ ಅಂಟಿಸಿ ‘ಗಿರಾಕಿಯೇ ದೇವರು’ ಎಂದು ದೊಡ್ಡದಾಗಿ ಬರೆದು, ಎಲ್ಲರಿಂದಲೂ ಮೂರು ಸಲ ಹೇಳಿಸಿದರು. ಆಮೇಲೆ ನಾಟಕ. ತಾವೇ ಗಿರಾಕಿ, ರೊಟ್ಟಿ ಅಕ್ಕ ಅಂಗಡಿಯವಳು.

“ಏನಮ್ಮ, ರೊಟ್ಟಿ ದಪ್ಪ ಇದೆ.”

“ಹೌದ್ರಿ.”

“ಪಕ್ಕದ ಅಂಗಡೀಲಿ ಇದಕ್ಕಿಂತ ಕಡಿಮೆಗೆ ಕೊಡ್ತಾರೆ.”

“ಅಲ್ಲೇ ತಗೋರಿ.”

“ಅರ್ಧ ರೇಟಿಗೆ ಕೊಡು, ತಗೋತೀನಿ.”

“ಕೊಡಂಗಿಲ್ರಿ, ಹೋಗ್ರಿ.”

ತರಬೇತುದಾರರು ನಾಟಕ ನಿಲ್ಲಿಸಿ, ಗೋಡೆಯ ಕಾಗದ ತೋರಿಸಿ, “ನೋಡಮ್ಮ, ಏನು ಕಲಿಸಿದೆ ನಾನು? ಗಿರಾಕಿ ಯಾರು?” ಎಂದು ಬೇಸರದಿಂದ ಕೇಳಿದರು.

“ದೇವರು ಅಂದ್ರಿ” ಎಂದಳು ರೊಟ್ಟಿ ಅಕ್ಕ. “ಆದ್ರ ದೇವರು ಚೌಕಾಶಿ ಮಾಡಂಗಿಲ್ರಿ.”

೫. ಹಳದಿ ಬ್ಯಾನರು

ಒಪ್ಪಂದದ ಕೊನೆಯ ತಿಂಗಳು ಬಂತು. ಸಾರ್ ಫೋನು ಮಾಡಿದರು, ದನಿಯಲ್ಲಿ ಎಂದಿನ ಇಸ್ತ್ರಿ ಇರಲಿಲ್ಲ. “ಮೇಡಂ, ನಮ್ಮ ದೊಡ್ಡ ಮೇಡಂ ಬರ್ತಿದ್ದಾರೆ. ಈ ವರ್ಷ ಅವರು ಹೋದ ಕಡೆಯೆಲ್ಲ ಯೋಜನೆ ನಿಲ್ಲಿಸಿಯೇ ಬಂದಿದ್ದಾರೆ. ನಾನು ಒಳ್ಳೆಯದಾಗೇ ಬರೆದಿದ್ದೀನಿ. ಆದರೆ ನಿಮಗೆ ಕೊಟ್ಟಿರೋದು ಇಪ್ಪತ್ತು ನಿಮಿಷ.”

ಇಪ್ಪತ್ತು ನಿಮಿಷ ಎಂದು ಕೇಳಿದ್ದೇ ನಮ್ಮ ಸಂಸ್ಥೆಯ ಅಧ್ಯಕ್ಷರು ಹದಿನೆಂಟು ನಿಮಿಷದ ಸ್ವಾಗತ ಭಾಷಣ ಬರೆದುಕೊಂಡರು.

ನಾನು ಹೋಗಿ ರೊಟ್ಟಿ ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ಅಂದ್ರ ಮತ್ತ ಬಾಂಡ್ಲಿ” ಎಂದಳು, ಅಷ್ಟೇ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇಂಥ ಹೊತ್ತಿನಲ್ಲಿ ಏನು ಹೇಳಬೇಕು ಎಂದು ಇನ್ನೂ ಕಲಿತಿಲ್ಲ.

ನಾದಿದ ಹಿಟ್ಟನ್ನು ಮುದ್ದೆ ಕಟ್ಟಿ ಅವಳೇ ಹೇಳಿದಳು. “ಏನರ ಆಗಲಿ. ಮನಿಗೆ ಬಂದ ಹೆಣ್ಮಗಳನ್ನ ಬರೇ ಉಡಿಲೆ ಕಳಸಂಗಿಲ್ರಿ ನಾವು.”

ಅವರ ಕಡೆ ಮುತ್ತೈದೆ ಮನೆಗೆ ಬಂದರೆ ಮಣೆಯ ಮೇಲೆ ಕೂರಿಸಿ, ಸೆರಗು ಒಡ್ಡಿಸಿ, ಮಡಿಲಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಕಳಿಸುತ್ತಾರೆ. ಉಡಿ ತುಂಬುವುದು ಎನ್ನುತ್ತಾರೆ. “ಅದೆಲ್ಲ ಬೇಡ ಮಾರಾಯ್ತಿ, ಇಪ್ಪತ್ತೇ ನಿಮಿಷ ಇರುವುದು” ಎಂದು ನಾನು ಬೇಡಿಕೊಂಡೆ. “ಹಂಗೇನ್ರಿ” ಎಂದು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯ ಅರ್ಥ ನನಗೆ ಆಗಲೂ ಆಗಲಿಲ್ಲ.

ದೊಡ್ಡ ಮೇಡಂ ಬಂದರು. ಕಪ್ಪು ಪ್ಯಾಂಟು, ಕಪ್ಪು ಕೋಟು, ಕಾಲಲ್ಲಿ ಚಕ್ರ. ಬಂದವರೇ ಗಡಿಯಾರ ನೋಡಿದರು. ಗೋಡೆಯ ಮೇಲೆ ‘ಬಡ ಮಹಿಳೆಯರ ಸಬಲೀಕರಣ ಯೋಜನೆಗೆ ಸ್ವಾಗತ’ ಎಂಬ ಬ್ಯಾನರು ಇತ್ತು. ಫ್ಲೆಕ್ಸ್ ಹಾಕಿದರೆ ಪರಿಸರಕ್ಕೆ ಹಾನಿ ಎಂದು ಕಂಪೆನಿಯದೇ ಅಪ್ಪಣೆಯಾದ್ದರಿಂದ ಹಳದಿ ಕಾಟನ್ ಬಟ್ಟೆಯ ಮೇಲೆ ಬರೆಸಿದ್ದೆವು. ಅವರು ಅದನ್ನು ಓದಿದರು. ಮೆಷಿನ್ನಿನ ಎದುರು ನಿಂತು ಎಲ್ಲಮ್ಮನ ಪಟವನ್ನೂ ಐದು ಫೋನುಗಳನ್ನೂ ನೋಡಿ “ಇದೇನು?” ಎಂದರು.

“ಹಲವು ಉದ್ದೇಶಗಳಿಗೆ…” ಎಂದು ಸಾರ್ ಶುರುಮಾಡಿ ನಿಲ್ಲಿಸಿದರು.

ಮೇಡಂ ನಮ್ಮ ಕಡೆ ತಿರುಗಿದರು. “ತುಂಬ ಒಳ್ಳೆ ಕೆಲಸ ಮಾಡಿದ್ದೀರಿ. ಆದರೆ ಕಂಪೆನಿಯ ಆದ್ಯತೆಗಳು ಈಗ ಬದಲಾಗಿವೆ.”

ನಮ್ಮ ಕಸುಬಿನಲ್ಲಿ ಈ ಮಾತಿಗೆ ಬೀಗ ಎಂದು ಅರ್ಥ. ಅಧ್ಯಕ್ಷರು ಭಾಷಣದ ಹಾಳೆಗಳನ್ನು ಮಡಚಿ ಜೇಬಿಗಿಟ್ಟರು. ರೊಟ್ಟಿ ಅಕ್ಕನಿಗೆ ಮಾತ್ರ ಆ ಮಾತು ತಟ್ಟಿದ ಹಾಗೆ ಕಾಣಲಿಲ್ಲ. ಅವಳು ಆಗಲೇ ಮಣೆ ಹಾಕಿದ್ದಳು.

“ಕುಂದರ್ರಿ ಬಾಯಾರ.”

ಫೋಟೋಗೆ ಇರಬೇಕೆಂದು ಮೇಡಂ ಕೂತರು.

“ಸೆರಗು ಒಡ್ಡ್ರಿ.”

ಕೋಟಿಗೆ ಎಲ್ಲಿಯ ಸೆರಗು? ಮೇಡಂ ತಮ್ಮನ್ನೇ ಒಮ್ಮೆ ನೋಡಿಕೊಂಡರು. ಆರೂ ಹೆಂಗಸರು ಮುಖ ಮುಖ ನೋಡಿಕೊಂಡರು. ರೊಟ್ಟಿ ಅಕ್ಕ ಸುತ್ತ ಕಣ್ಣಾಡಿಸಿ, ಗೋಡೆಯ ಹತ್ತಿರ ಹೋಗಿ ಬ್ಯಾನರಿನ ದಾರ ಹರಿದು, ಆ ಹಳದಿ ಬಟ್ಟೆಯನ್ನು ಮೇಡಂ ಹೆಗಲಿಗೆ ಹೊದಿಸಿ, ಮುಂದಕ್ಕೆ ತಂದು ಎರಡು ತುದಿಯನ್ನೂ ಅವರ ಕೈಗೇ ಕೊಟ್ಟಳು. “ಹಿಡೀರಿ, ಬಿಡಬ್ಯಾಡ್ರಿ.” ಬಟ್ಟೆ ಮಡಿಕೆ ಬಿದ್ದು ಅಕ್ಷರಗಳೆಲ್ಲ ಒಳಗೆ ಹೋದವು. ಎದೆಯ ಮೇಲೆ ಕಾಣಿಸುತ್ತಿದ್ದದ್ದು ‘ಬಡ ಮಹಿಳೆ’ ಎಂಬುದಷ್ಟೇ.

ಒಬ್ಬೊಬ್ಬರೇ ಬಂದು ಅಕ್ಕಿ ಹಾಕಿದರು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಖಣ, ಒಂದು ಇಡೀ ತೆಂಗಿನಕಾಯಿ. ಅದರ ಮೇಲೆ ಹತ್ತು ಕಟಕ್ ರೊಟ್ಟಿ. ಮೇಡಂ ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆಯಲು ಕೈ ಬಿಟ್ಟರೆ ಅಕ್ಕಿ ಚೆಲ್ಲುತ್ತದೆ, ಉಡಿಯ ಅಕ್ಕಿ ಚೆಲ್ಲಬಾರದು ಎಂದು ಆರು ಮಂದಿ ಒಟ್ಟಿಗೆ ಹೇಳಿದರು. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಇಪ್ಪತ್ತು ನಿಮಿಷ ಯಾವಾಗಲೋ ಮುಗಿದಿತ್ತು.

“ನಮ್ಮಜ್ಜಿ ಮನೆ ಧಾರವಾಡದ ಹತ್ತಿರ” ಎಂದರು ಮೇಡಂ, ಯಾರಿಗೆಂದಲ್ಲದೆ. “ಚಿಕ್ಕವಳಿದ್ದಾಗ ಅಮ್ಮನಿಗೆ ಹೀಗೆ ತುಂಬೋದು ನೋಡಿದ್ದೆ. ನನಗೆ ಯಾರೂ ತುಂಬಿರಲಿಲ್ಲ.”

“ಈಗ ತುಂಬೀವಲ್ರಿ. ಇನ್ನ ಮ್ಯಾಲ ಈ ಖೋಲಿನೇ ನಿಮ್ಮ ತವರುಮನಿ” ಎಂದಳು ರೊಟ್ಟಿ ಅಕ್ಕ. ಕೈಗೆ ಅಂಟಿದ ಅಕ್ಕಿಯನ್ನು ಉಜ್ಜಿಕೊಳ್ಳುತ್ತ ಮುಂದುವರಿಸಿದಳು. “ಉಡಿ ತುಂಬಿಸಿಕೊಂಡ ಮಗಳು ತವರಿನ ಬಾಗಲಾ ಮುಚ್ಚಿಸ್ತಾಳೇನ್ರಿ?”

ಆದ್ಯತೆಯ ಮಾತು ಅವಳಿಗೆ ಚೆನ್ನಾಗಿಯೇ ತಟ್ಟಿತ್ತು. ಮೇಡಂ ಮಡಿಲನ್ನೇ ನೋಡುತ್ತ ಕೂತಿದ್ದರು.

“ತಡೀರಿ, ಇನ್ನೂ ಮುಗದಿಲ್ಲ” ಎಂದು ರೊಟ್ಟಿ ಅಕ್ಕ ಕಪಾಟಿನಿಂದ ರಿಜಿಸ್ಟರ್ ತಂದಳು. “ಏನರ ತಗೊಂಡವರು ಸಹಿ ಮಾಡಬೇಕಂತ್ರಿ. ನಮ್ಮ ಅಕ್ಕಾರ ಕಲಿಸ್ಯಾರ.”

ಎಲ್ಲರೂ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಟ್ಟರೆ ಸಾಕಿತ್ತು. ಅವಳು ಎದುರಿಗೆ ಕೂತು, ಪೆನ್ನಿನ ಮುಚ್ಚಳ ತೆಗೆದು, ಒಂದನೇ ಪ್ರಶ್ನೆಯಿಂದಲೇ ಶುರುಮಾಡಿದಳು.

“ಸ್ವಂತ ಮನಿ ಐತೇನ್ರಿ?”

“ಫ್ಲ್ಯಾಟ್ ಇದೆ.”

“ಶೌಚಾಲಯ?”

“ಮೂರು.”

“ಮನ್ಯಾಗ ಎಷ್ಟು ಮಂದಿ?”

“ಇಬ್ಬರು.”

ರೊಟ್ಟಿ ಅಕ್ಕ ಬರೆಯುವುದನ್ನು ನಿಲ್ಲಿಸಿ ಮೇಡಂ ಮುಖವನ್ನು ಕಳವಳದಿಂದ ನೋಡಿದಳು. “ಹೊಟ್ಟಿ ಸರಿ ಇಲ್ಲೇನ್ರಿ?” ಎಂದಳು. ಉತ್ತರಕ್ಕೆ ಕಾಯದೆ ಮುಂದಿನದಕ್ಕೆ ಹೋದಳು. “ಗಂಡ ಕುಡೀತಾನೇನ್ರಿ?”

ಸಾರ್ ಸೂರಿನ ತಗಡು ಎಣಿಸತೊಡಗಿದರು. ಅಧ್ಯಕ್ಷರು ಕನ್ನಡಕ ಒರೆಸಿದರು. ಮೇಡಂ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. “ಶನಿವಾರ ಮಾತ್ರ.”

“ನಮ್ಮಾಂವನೂ ಹಂಗ” ಎಂದಳು ರೊಟ್ಟಿ ಅಕ್ಕ, ಬರೆದುಕೊಳ್ಳುತ್ತ. “ಆದ್ರ ಅಂವಗ ವಾರಕ್ಕ ಏಳು ಶನಿವಾರ್ರಿ.”

ಮೇಡಂ ನಕ್ಕರು. ಸಣ್ಣ ನಗುವಲ್ಲ, ಮೈ ಕುಲುಕುವ ನಗು. ಉಡಿ ಅಲುಗಾಡಿ ತೆಂಗಿನಕಾಯಿ ಉರುಳಿತು, ಅದನ್ನು ಹಿಡಿಯಲು ಆರು ಹೆಂಗಸರೂ ಸಾರೂ ಒಟ್ಟಿಗೆ ಬಿದ್ದರು. ಕಾಯಿ ಸಿಕ್ಕಿತು. ಬ್ಯಾನರಿಗೆ ಗಂಟು ಹಾಕಿ ಉಡಿ ಭದ್ರ ಮಾಡಿಕೊಟ್ಟರು. ಮೇಡಂ ಕಣ್ಣೊರೆಸಿಕೊಂಡು ರಿಜಿಸ್ಟರಿನಲ್ಲಿ ಪಡೆದವರ ಸಹಿ ಎಂಬಲ್ಲಿ ಸಹಿ ಹಾಕಿದರು. ಪೆನ್ನು ಕೈಯಲ್ಲೇ ಇತ್ತು.

“ಒಪ್ಪಂದ ಮುಂದುವರಿಸುವ ಕಾಗದ ತಂದಿದ್ದೀರಾ?” ಎಂದು ಸಾರನ್ನು ಕೇಳಿದರು.

ಬೆಳಗ್ಗಿನಿಂದ ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದರೋ ಏನೋ, ಅವರು ಕೇಳಿ ಮುಗಿಸುವಷ್ಟರಲ್ಲಿ ಕಾಗದ ಎದುರಿಗಿತ್ತು. ಮೇಡಂ ಅದನ್ನು ರಿಜಿಸ್ಟರಿನ ಮೇಲಿಟ್ಟು, ಇನ್ನೆರಡು ವರ್ಷ ಎಂದಿದ್ದನ್ನು ಹೊಡೆದು ಇನ್ನು ಮೂರು ಎಂದು ತಿದ್ದಿ ಸಹಿ ಮಾಡಿದರು.

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ರೊಟ್ಟಿ ಅಕ್ಕ ಅಳಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ಎದ್ದು, “ಸಹಿ ಆತು. ಅಕ್ಕಾರ, ಇನ್ನ ಫೋಟೋ ತಗೀರಿ. ಇಲ್ಲಾಂದ್ರ ಕೊಟ್ಟಂಗಲ್ಲ” ಎಂದಳು.

ನಾನು ಫೋನು ಎತ್ತಿ ಹಿಡಿದೆ. ಮೇಡಂ ಉಡಿ ಹೊತ್ತುಕೊಂಡು ಎದ್ದರು. ಇಷ್ಟು ವರ್ಷದ ಅಭ್ಯಾಸ, ಕಾಲು ತಾನಾಗಿಯೇ ಎಳೆದುಕೊಂಡು ಹೋಯಿತು. ಹೋಗಿ ಬಲಗಡೆ ನಿಂತು ಕ್ಯಾಮೆರಾಕ್ಕೆ ಮುಗುಳ್ನಕ್ಕರು.

ರೊಟ್ಟಿ ಅಕ್ಕ ಅವರ ತೋಳು ಹಿಡಿದು ಮೆಲ್ಲಗೆ ಎಡಕ್ಕೆ ಸರಿಸಿದಳು.

“ಈ ಕಡೆ ಬರ್ರಿ ಬಾಯಾರ” ಎಂದಳು. “ಅದು ಕೊಡೋರ ಜಾಗ.”